ಎರಡು ಬರ್ಗರ್, ಒಂದು ತಿರಸ್ಕಾರ

ತಾರ್ನಾಕ, ಹೈದರಾಬಾದು
12 ಜೂನ್ 2005

ಚಿ. ಸೌ. ಭಾಗ್ಯಶ್ರೀಗೆ,

ಮೂರು ವರ್ಷದ ಮೇಲೆ ಅಪ್ಪನ ಅಕ್ಷರ ನೋಡಿ ಗಾಬರಿಯಾಗಬೇಡ. ಯಾರೂ ಸತ್ತಿಲ್ಲ. ಫೋನ್ ಮಾಡಬಹುದಿತ್ತು, ಆದರೆ ನಿನ್ನ ಮನೆಯ ಫೋನನ್ನು ಮೊದಲು ಎತ್ತುವವರು ನಿನ್ನ ಅತ್ತೆ. ಅಲ್ಲದೆ ಬರೆದದ್ದು ದಾಖಲೆ, ಆಡಿದ್ದು ಗಾಳಿ. ಮೂವತ್ತೊಂದು ವರ್ಷ ಸರಕಾರಿ ಕ್ಯಾಂಟೀನುಗಳ ಇನ್‌ಸ್ಪೆಕ್ಟರಾಗಿದ್ದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ನೀನು ಮಾದಾಪುರದ ಕ್ಯಾಪ್ಟನ್ಸ್ ಬರ್ಗರ್‌ನಲ್ಲಿ ಅಡುಗೆಮನೆಯ ಮ್ಯಾನೇಜರ್ ಆಗಿದ್ದೀ ಎಂದು ನಾಂಪಲ್ಲಿ ಆಫೀಸಿನ ನನ್ನ ಹಳೆಯ ಜೊತೆಗಾರ ಜನಾರ್ದನ ಹೇಳಿದ. ಅವನ ಮಗ ಅಲ್ಲೇ ಹೈಟೆಕ್ ಸಿಟಿಯಲ್ಲಿ ಕೆಲಸಕ್ಕಿದ್ದಾನೆ, ದಿನಾ ಮಧ್ಯಾಹ್ನ ಅದನ್ನೇ ತಿನ್ನುತ್ತಾನಂತೆ. ಪಾಪ. ನಿನ್ನೆ ನಾನು ಎರಡು ಬಸ್ ಬದಲಿಸಿ ಬಂದು ನೋಡಿದೆ. ನಿನ್ನದನ್ನೊಂದೇ ನೋಡಿದರೆ ಪಕ್ಷಪಾತ ಎನ್ನುತ್ತಾರೆಂದು ರಸ್ತೆಯ ಆಚೆಗಿರುವ ರಾಕೆಟ್ ಬರ್ಗರ್‌ಗೂ ಹೋದೆ. ಎರಡೂ ಕಡೆ ಆಲೂಗಡ್ಡೆಯದನ್ನೇ ತೆಗೆದುಕೊಂಡೆ. ವರದಿ ಹೀಗಿದೆ.

ರಾಕೆಟ್: ಬಾಗಿಲು ತಳ್ಳಿದ ಕೂಡಲೇ ಕೌಂಟರಿನವರೆಲ್ಲ ಒಟ್ಟಿಗೆ 'ವೆಲ್‌ಕಮ್ ಟು ರಾಕೆಟ್' ಎಂದು ಕೂಗಿದರು. ಕಿವುಡರಿಗಾಗಿ ತೆರೆದ ಅಂಗಡಿಯೋ ಏನೋ. ಗೋಡೆಯ ಚಿತ್ರದಲ್ಲಿ ಬರ್ಗರ್ ಗೇಣೆತ್ತರ ನಿಂತಿದೆ, ಕೈಗೆ ಬಂದದ್ದು ಯಾರೋ ಕೂತು ಎದ್ದ ದಿಂಬು. ಹೆಸರು ಕ್ಷೀರಸಾಗರ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ. ಬ್ರೆಡ್ಡು ಸಿಹಿ. ಒಳಗಿನ ಆಲೂಗಡ್ಡೆಗೆ ಉಪ್ಪಿಲ್ಲ, ಮೇಲಿನ ಸಾಸಿನಲ್ಲಿ ಉಪ್ಪು ಬಿಟ್ಟರೆ ಬೇರೇನಿಲ್ಲ. ನನ್ನ ಜೇಬಿನ ಥರ್ಮಾಮೀಟರಿನಲ್ಲಿ ಅರವತ್ತೆರಡು ಡಿಗ್ರಿ.

ಕ್ಯಾಪ್ಟನ್ಸ್: ಬ್ರೆಡ್ಡು ತಾಜಾ. ಆಲೂಗಡ್ಡೆಯಲ್ಲಿ ಜೀರಿಗೆ, ಹಸಿಮೆಣಸಿನಕಾಯಿ ಇವೆ ಎಂದು ಹೆಸರಿಗೆ ಹೇಳಬಹುದು. ಅರವತ್ತೆಂಟು ಡಿಗ್ರಿ. ಆದರೆ ನಡುವೆ ಇಟ್ಟ ಆ ಸೊಪ್ಪಿನ ಎಲೆ! ದನವೂ ಮೂಸದು. ಎಲೆ ತಿರಸ್ಕೃತ.

ತಿನ್ನುವವರ ಬಗ್ಗೆ ಏನು ಬರೆಯಲಿ? ಕೊರಳಿಗೆ ಪಟ್ಟಿ ಕಟ್ಟಿಕೊಂಡು ಗುರುತಿನ ಚೀಟಿ ತೂಗಿಸಿಕೊಂಡಿರುವ ಎಂಜಿನಿಯರುಗಳು. ತಿನ್ನುವಾಗಲೂ ಅದನ್ನು ತೆಗೆಯುವುದಿಲ್ಲ. ತಪ್ಪಿಸಿಕೊಂಡರೆ ಯಾವ ಕೊಟ್ಟಿಗೆಯದು ಎಂದು ಗೊತ್ತಾಗಬೇಕಲ್ಲ.

ನಿನ್ನ ಕೈಕೆಳಗಿನವರು ತಲೆಗೆ ಟೋಪಿ ಹಾಕಿದ್ದಾರೆ, ಅದೊಂದು ಸಮಾಧಾನ. ನೀನು ಸ್ವಲ್ಪ ಇಳಿದುಹೋಗಿದ್ದೀ.

ನಿನ್ನ ತಂದೆ,
ಕಾಶಿನಾಥ


ಮಾದಾಪುರ
21 ಜೂನ್ 2005

ಅಪ್ಪನವರಿಗೆ ನಮಸ್ಕಾರ.

ವರದಿ ತಲುಪಿತು. ನೀವು ಮೂಲೆಯ ಮೇಜಿನಲ್ಲಿ ಮುಖಕ್ಕೆ ಪೇಪರ್ ಹಿಡಿದು ನಲವತ್ತು ನಿಮಿಷ ಕೂತಿದ್ದನ್ನು ಒಳಗಿನ ಕಿಟಕಿಯಿಂದ ನೋಡಿದೆ. ಒಂದು ಹಾಳೆಯನ್ನೂ ತಿರುವಲಿಲ್ಲ. ಕೌಂಟರಿನಲ್ಲಿರುವ ರಾಯಚೂರಿನ ಕೃಪಾ ಒಳಗೆ ಬಂದು, "ಮೇಡಂ, ಯಾರೋ ಅಂಕಲ್ಲು ಬರ್ಗರಿಗೆ ಜ್ವರ ನೋಡಾಕತ್ತಾರ" ಎಂದು ಬಿದ್ದುಬಿದ್ದು ನಕ್ಕಳು. ನನ್ನ ಅಪ್ಪ ಎಂದು ನಾನು ಹೇಳಲಿಲ್ಲ.

ದನ ಮೂಸದ ಎಲೆ ಎಂದಿದ್ದೀರಿ. ನಾವು ದನಕ್ಕೆಂದು ಮಾಡುವುದಿಲ್ಲ. ದಿನಕ್ಕೆ ಏಳುನೂರು ಬರ್ಗರ್ ಹೋಗುತ್ತವೆ, ತಿಂದವರು ಮರುದಿನ ಮತ್ತೆ ಬರುತ್ತಾರೆ. ನಿಮ್ಮ ಕ್ಯಾಂಟೀನುಗಳಿಗೆ ಜನ ಬರುತ್ತಿದ್ದದ್ದು ಬೇರೆ ದಾರಿ ಇಲ್ಲದ್ದಕ್ಕೆ.

ಮಗಳನ್ನು ನೋಡಬೇಕೆಂದಿದ್ದರೆ ಅಂಗಡಿಗಲ್ಲ, ಮನೆಗೆ ಬನ್ನಿ. ಅದಕ್ಕಿರುವ ದಾರಿ ಒಂದೇ, ನಿಮಗೂ ಗೊತ್ತು. ದಾಖಲೆ ಬೇಕಲ್ಲವೆ ನಿಮಗೆ? ಇಕೋ, ಬರೆಯುತ್ತೇನೆ. ನನ್ನ ಅತ್ತೆ ಗದಿಗೆಮ್ಮ ಯಲಬುರ್ಗಾ ಕಡೆಯಿಂದ ಬಂದವರು. ಈ ಹೈಟೆಕ್ ಸಿಟಿಯ ಬಂಡೆ ಒಡೆಯುವುದಕ್ಕೂ ಎಷ್ಟೋ ಮೊದಲಿನಿಂದ ಕಟ್ಟಡದ ಕೂಲಿಯವರಿಗೆ ರೊಟ್ಟಿ ಬಡಿದು ಹಾಕಿ ನನ್ನ ಗಂಡ ಸೋಮಣ್ಣನನ್ನು ಬೆಳೆಸಿದರು. ಮಗನ ಮದುವೆಗೆಂದು ಮೂರು ದಿನ ಕೂತು ನಾನೂರು ಶೇಂಗಾ ಹೋಳಿಗೆ ಮಾಡಿ ಬುಟ್ಟಿಯಲ್ಲಿ ತಂದರು. ನೀವು ಒಂದು ಚೂರು ಬಾಯಿಗೆ ಹಾಕಿಕೊಂಡು, "ಶೇಂಗಾ ಕಮಟಾಗೇತಿ, ಎತ್ತರಿ" ಎಂದಿರಿ. ಬಡಿಸಿದ್ದನ್ನು ಎಲೆಗಳ ಮೇಲಿಂದ ವಾಪಸ್ ಎತ್ತಿಸಿದಿರಿ, ಇನ್ನೂರು ಜನ ಕೂತು ನೋಡುತ್ತಿರುವಾಗ. ಅತ್ತೆ ಬುಟ್ಟಿಗಳನ್ನು ತಾವೇ ಹೊತ್ತು ಹೊರಗೆ ನಡೆದರು. ಇವತ್ತಿನವರೆಗೆ ಮನೆಯಲ್ಲಿ ಆ ಮಾತನ್ನು ಅವರು ಎತ್ತಿಲ್ಲ. ಶೇಂಗಾ ಹೋಳಿಗೆಯನ್ನೂ ಮಾಡಿಲ್ಲ.

ಅವರ ಮುಂದೆ ನಿಂತು 'ತಪ್ಪಾಯಿತು' ಎನ್ನಿ. ಅಲ್ಲಿಯವರೆಗೆ ನಾನು ಕ್ಯಾಪ್ಟನ್ಸ್ ಮ್ಯಾನೇಜರ್, ನೀವು ಗಿರಾಕಿ.

ಭಾಗ್ಯಶ್ರೀ


ತಾರ್ನಾಕ
17 ಜುಲೈ 2005

ಕ್ಯಾಪ್ಟನ್ಸ್ ಬರ್ಗರ್‌ನ ಮ್ಯಾನೇಜರಮ್ಮನವರಿಗೆ,

ನಿಜ ಹೇಳಿದ್ದಕ್ಕೆ ಕ್ಷಮೆ ಕೇಳುವ ಪದ್ಧತಿ ನಮ್ಮ ಇಲಾಖೆಯಲ್ಲಿರಲಿಲ್ಲ. ಕಮಟಾದದ್ದು ಕಮಟಾದದ್ದೇ, ಮಾಡಿದವರು ಬೀಗರಾದರೇನು, ಮಂತ್ರಿಗಳಾದರೇನು. ಇನ್ನೂರು ಜನಕ್ಕೆ ಹೊಟ್ಟೆ ಕೆಟ್ಟಿದ್ದರೆ ನೀನು ನನ್ನನ್ನೇ ಬೈಯುತ್ತಿದ್ದೆ.

ಆ ವಿಷಯ ಸಾಕು. ನಿನ್ನೆ ಮತ್ತೆ ತಪಾಸಣೆ ಮಾಡಿದೆ.

ರಾಕೆಟ್‌ನವರು 'ನವಾಬಿ ಪನೀರ್ ಬರ್ಗರ್' ಎಂದು ಹೊಸದೊಂದನ್ನು ಹೊರಡಿಸಿದ್ದಾರೆ. ಹೈದರಾಬಾದಿನಲ್ಲಿ ನಿಂತುಕೊಂಡು ಈ ಮಾತು ಹೇಳಲು ಅವರಿಗೆ ನಾಚಿಕೆಯಾಗಲಿಲ್ಲ. ಯಾವ ನವಾಬ ಪನೀರ್ ತಿಂದಿದ್ದ? ರಬ್ಬರಿನ ತುಂಡಿಗೆ ಕೇಸರಿ ಬಣ್ಣ ಹಚ್ಚಿದ್ದಾರೆ. ನಾನು ಅಗಿದೆ, ಅದು ನನ್ನನ್ನು ಅಗಿಯಿತು. ಇದಕ್ಕೆ ಉತ್ತರವಾಗಿ ನಿಮ್ಮವರು 'ಮಸಾಲಾ ಕಮಾಂಡರ್' ತಂದಿದ್ದಾರೆ. ದಂಡು ದೊಡ್ಡದು, ಯುದ್ಧ ಆಲೂಗಡ್ಡೆಯ ಮೇಲೆ. ಆದರೂ ಬರೆಯಬೇಕಾದ್ದನ್ನು ಬರೆಯುತ್ತೇನೆ: ಕಮಾಂಡರ್ ತಿನ್ನುವ ಹಾಗಿದೆ. ಬೆಳ್ಳುಳ್ಳಿ ಹುರಿದು ಹಾಕಿದ್ದೀರಿ, ಅದು ನಿನ್ನ ಅವ್ವನ ಕೈಗುಣ. ಎರಡನ್ನೂ ತೂಗಿದರೆ ಕ್ಯಾಪ್ಟನ್ಸ್ ಮುಂದು. ಇದರರ್ಥ ಒಳ್ಳೆಯದು ಎಂದಲ್ಲ. ಕುರುಡರ ಊರಿನಲ್ಲಿ ಮೆಳ್ಳಗಣ್ಣ. ಈ ಸಲ ಟೊಮೆಟೊ ತಿರಸ್ಕೃತ. ಎಲೆಯನ್ನು ಬದಲಿಸಿದ್ದೀ, ಗಮನಿಸಿದೆ.

ಅಪ್ಪ ಎಲ್ಲಿ ಊಟ ಮಾಡುತ್ತಾನೋ ಎಂದು ನೀನು ಕೇಳಿಲ್ಲ, ನಾನೇ ಹೇಳುತ್ತೇನೆ. ನಿನ್ನ ಅವ್ವ ಸುಭದ್ರಾ ಹೋಗಿ ಐದು ವರ್ಷವಾಯಿತು. ಓಣಿಯಲ್ಲಿ ಶಾರದಾಬಾಯಿಯ ಮೆಸ್ಸಿದೆ. ಮೊದಲ ದಿನ ಸಾರಿನ ಬಗ್ಗೆ ಎರಡು ಮಾತು ಆಡಿದೆ. ಆಕೆ ನನ್ನ ತಟ್ಟೆ ಎತ್ತಿಕೊಂಡು, "ನಾಳಿಂದ ಬೇರೆ ಕಡಿ ನೋಡ್ಕೋರಿ" ಎಂದಳು. ಈಗ ಬಾಯಿ ಮುಚ್ಚಿಕೊಂಡು ಉಣ್ಣುತ್ತೇನೆ. ಅದಕ್ಕೇ ಇರಬೇಕು, ನಿಮ್ಮ ಬರ್ಗರುಗಳ ಮೇಲೆ ಇಷ್ಟು ಬರೆಯುತ್ತಿರುವುದು.

ಗಿರಾಕಿ,
ಕಾಶಿನಾಥ


ಮಾದಾಪುರ
6 ಸೆಪ್ಟೆಂಬರ್ 2005

ಅಪ್ಪನವರಿಗೆ ನಮಸ್ಕಾರ.

ಆಗಸ್ಟಿನಲ್ಲಿ ಕಳಿಸಿದ ಎರಡು ವರದಿಗಳೂ ಸಿಕ್ಕವು. ಉತ್ತರ ಬರೆಯಲಿಲ್ಲ. ಒಂದರಲ್ಲಿ ಸೌತೆಕಾಯಿ ತಿರಸ್ಕೃತ, ಇನ್ನೊಂದರಲ್ಲಿ ಬ್ರೆಡ್ಡಿನ ಮೇಲಿನ ಎಳ್ಳು. ಎಳ್ಳು, ಅಪ್ಪಾ! ನಿಮಗೆ ಪಾಪಪ್ರಜ್ಞೆ ಎಂಬುದೇನಾದರೂ ಇದೆಯೆ?

ನಾನು ಇಳಿದಿದ್ದೇನೆ ಎಂದು ಜೂನ್‌ನಲ್ಲಿ ಬರೆದಿರಿ. ಆಗ ವಾಂತಿ ಜೋರಾಗಿತ್ತು. ಈಗ ಐದನೆಯ ತಿಂಗಳು. ಹಸಿ ಎಣ್ಣೆಯ ವಾಸನೆ ಬಂದರೆ ಹೊಟ್ಟೆ ತೊಳಸುತ್ತದೆ, ನಾನಿರುವುದು ಎಣ್ಣೆಯ ಬಾಣಲೆಗಳ ಎದುರಿಗೆ. ಸಾಯಂಕಾಲ ಮನೆಗೆ ಬಂದರೆ ಅತ್ತೆ ನನ್ನ ಕಾಲು ನೀವುತ್ತಾರೆ. ಬೇಡವೆಂದರೆ ಬೈಯುತ್ತಾರೆ. ನನ್ನ ಗಂಡ ಓಡಿಸುವ ಕ್ಯಾಬ್‌ನಲ್ಲಿ ಓಡಾಡುವ ಎಂಜಿನಿಯರುಗಳಿಗೆಲ್ಲ ಸುದ್ದಿ ಗೊತ್ತಾಗಿದೆ, ನಿಮಗೆ ಗೊತ್ತಿಲ್ಲ ಎಂಬುದು ನನಗೆ ತಡೆಯಲಾಗಲಿಲ್ಲ.

ಏಳನೆಯ ತಿಂಗಳಲ್ಲಿ ಕುಬಸ ಮಾಡುತ್ತಾರೆ, ನವೆಂಬರ್ ಇಪ್ಪತ್ತಕ್ಕೆ. ಅವ್ವ ಇಲ್ಲ. ತವರಿನ ಕಡೆಯಿಂದ ಹಸಿರು ಸೀರೆ ಹಿಡಿದು ಬರುವವರು ನೀವೊಬ್ಬರೇ. ನೀವು ಬರದಿದ್ದರೆ ಆ ಜಾಗ ಖಾಲಿಯೇ ಇರಲಿ ಎಂದು ಅತ್ತೆಗೆ ಹೇಳಿದ್ದೇನೆ, ಬೇರೆ ಯಾರನ್ನೂ ಕೂರಿಸಬೇಡಿ ಎಂದು.

ಆದರೆ ಮೊದಲು ಅವರೊಂದಿಗೆ ಮಾತು. ಅದು ಬದಲಾಗಿಲ್ಲ.

ಭಾಗ್ಯಶ್ರೀ


ತಾರ್ನಾಕ
18 ಸೆಪ್ಟೆಂಬರ್ 2005

ಚಿ. ಸೌ. ಭಾಗ್ಯಶ್ರೀಗೆ ಅಪ್ಪನ ಆಶೀರ್ವಾದಗಳು.

ನಿನ್ನ ಕಾಗದವನ್ನು ಅಂಚೆಯವನ ಮುಂದೆಯೇ ಒಡೆದು ಓದಿದೆ. ಆಮೇಲೆ ಅವನಿಗೂ ಹೇಳಿದೆ. ಓಣಿಯವರಿಗೆಲ್ಲ ಹೇಳಿದೆ. ಶಾರದಾಬಾಯಿ ಸಜ್ಜಿಗೆ ಮಾಡಿ ಹಾಕಿದಳು. ನನಗೆ ಬಹಳ ಸಂತೋಷವಾಗಿದೆ, ಇದನ್ನು ಬೇರೆ ಹೇಗೆ ಬರೆಯಬೇಕೋ ತಿಳಿಯದು. ಸೀರೆಯನ್ನು ನೋಡಿ ಇಟ್ಟಿದ್ದೇನೆ.

ಆದರೆ ನಿನ್ನ ಷರತ್ತು ಷರತ್ತೇ ಅಲ್ಲ, ಜುಲುಮೆ. ಸುಳ್ಳೇ 'ತಪ್ಪಾಯಿತು' ಎನ್ನಲೆ? ಎನ್ನಬಹುದು, ನಾಲಿಗೆಗೇನು ಎಲುಬಿದೆಯೆ. ಆದರೆ ನನ್ನ ಮೂವತ್ತೊಂದು ವರ್ಷದ ಕೆಲಸ ಈ ನಾಲಿಗೆಯ ಮೇಲೆ ನಿಂತಿತ್ತು. ಒಮ್ಮೆ ಅದನ್ನು ಸುಳ್ಳು ಎಂದರೆ ಹಿಂದಿನದೆಲ್ಲ ಸುಳ್ಳಾಗುತ್ತದೆ. ಕಟ್ಟಡದ ಕೂಲಿಯವರಿಗೆ ನಡೆದದ್ದು ಮದುವೆಯ ಪಂಕ್ತಿಗೆ ನಡೆಯುವುದಿಲ್ಲ.

ಮೊನ್ನೆ ಶುಕ್ರವಾರ ಹನ್ನೊಂದು ಮುಕ್ಕಾಲಿಗೆ ಬಂದಿದ್ದೆ. ನೀನು ಕಾಣಿಸಲಿಲ್ಲ. ರಾಕೆಟ್‌ನದು ಎಂದಿನಂತೆ, ಮೇಲೆ ಥಳಕು ಒಳಗೆ ಹುಳುಕು. ನಿನ್ನದರ ಬ್ರೆಡ್ಡು, ಎಲೆ, ಟೊಮೆಟೊ, ಸಾಸು ಸರಿ. ಆದರೆ ಕರಿದ ಎಣ್ಣೆ ಕನಿಷ್ಠ ಮೂರು ದಿನದ್ದು. ಬಾಯಿಗಿಟ್ಟ ಕೂಡಲೇ ತಿಳಿಯಿತು. ಆಲೂಗಡ್ಡೆಯ ಪ್ಯಾಟಿ ತಿರಸ್ಕೃತ. ಬಸುರಿ ಹೆಂಗಸು ಇಂಥ ಎಣ್ಣೆಯ ಹೊಗೆ ಕುಡಿಯಬಾರದು. ನಿನ್ನ ಮೇಲಿನವರಿಗೆ ಹೇಳು, ಅಥವಾ ವಿಳಾಸ ಕೊಡು, ನಾನು ಬರೆಯುತ್ತೇನೆ.

ಜೋಪಾನ,
ಕಾಶಿನಾಥ


ಮಾದಾಪುರ
11 ಅಕ್ಟೋಬರ್ 2005

ಅಪ್ಪಾ,

ಆ ಶುಕ್ರವಾರ ನಾನು ಕಾಣಿಸದಿದ್ದದ್ದು ಏಕೆಂದರೆ ಹಿಂದಿನ ಕೋಣೆಯಲ್ಲಿದ್ದೆ. ಹನ್ನೊಂದು ಗಂಟೆಗೆ ಬಾಣಲೆ ಖಾಲಿ ಮಾಡಿಸಿ, ತೊಳೆಸಿ, ಹೊಸ ಡಬ್ಬಿ ಒಡೆಸಿ ಎಣ್ಣೆ ತುಂಬಿಸಿದೆ. ನಿಂತು ಮಾಡಿಸಿದವಳು ನಾನು. ನೀವು ತಿಂದದ್ದು ಆ ಎಣ್ಣೆಯಲ್ಲಿ ಕರಿದ ಎರಡನೆಯ ಸರದಿಯ ಪ್ಯಾಟಿ. ಮುಕ್ಕಾಲು ಗಂಟೆಯ ಎಣ್ಣೆ ನಿಮ್ಮ ನಾಲಿಗೆಗೆ ಮೂರು ದಿನದ್ದಾಯಿತು.

ಮೊದಲು ಸಿಟ್ಟು ಬಂತು. ಆಮೇಲೆ ನಿಮ್ಮ ಐದೂ ವರದಿಗಳನ್ನು ಹಾಸಿಗೆಯ ಮೇಲೆ ಸಾಲಾಗಿ ಇಟ್ಟೆ. ಎಲೆ. ಟೊಮೆಟೊ. ಸೌತೆಕಾಯಿ. ಎಳ್ಳು. ಎಣ್ಣೆ. ಐದು ವರದಿ, ಐದು ತಿರಸ್ಕಾರ. ಯಾವುದರಲ್ಲೂ ಎರಡಿಲ್ಲ. ಯಾವುದರಲ್ಲೂ ಸೊನ್ನೆ ಇಲ್ಲ. ಒಂದನ್ನು ಸರಿಪಡಿಸಿದರೆ ಮುಂದಿನ ಸಲ ಬೇರೆ ಒಂದು ಹುಟ್ಟಿಕೊಳ್ಳುತ್ತದೆ. ಕೊನೆಗೆ ಏನೂ ಉಳಿಯದೆ ಎಳ್ಳಿಗೆ ಬಂದಿರಿ.

ಇದನ್ನು ನಾನು ಬೇರೆ ಕಡೆಯೂ ಕಂಡಿದ್ದೇನೆ. ನಮ್ಮ ಕಂಪನಿಯಿಂದ ತಿಂಗಳಿಗೊಮ್ಮೆ ರವಿಶಂಕರ್ ಎಂಬ ಆಡಿಟರ್ ಬರುತ್ತಾರೆ, ಹುಬ್ಬಳ್ಳಿಯವರು. ಅವರದೂ ಪ್ರತಿ ಸಲ ಒಂದೇ ಒಂದು. ಕಳೆದ ವಾರ ನೇರವಾಗಿ ಕೇಳಿಬಿಟ್ಟೆ. ನಕ್ಕರು. "ಮೇಡಂ, ಒಂದರ ರಿಜೆಕ್ಟ್ ಮಾಡ್ಲಿಲ್ಲಂದ್ರ ಇಂವಾ ಏನೋ ತಿಂದಾನ ಅಂತಾರ್ರಿ. ನಮ್ಮ ಕೆಲಸ ಉಳೀಬೇಕಲ್ಲ?"

ಅವರು ನಗುತ್ತಿದ್ದರು, ನನಗೆ ಅವ್ವನ ಅಡುಗೆ ನೆನಪಾಯಿತು. ಒಂದು ದಿನ ಉಪ್ಪು, ಒಂದು ದಿನ ಹುಳಿ, ಒಂದು ದಿನ ಅನ್ನ ಮುದ್ದೆ. ಅವಳಿಗೆ ಅಡುಗೆ ಬರುವುದಿಲ್ಲ ಎಂದೇ ನಾನು ನಂಬಿ ಬೆಳೆದೆ.

ಒಂದೇ ಪ್ರಶ್ನೆ. ನನ್ನ ಮದುವೆಯ ದಿನ ಶೇಂಗಾ ನಿಜವಾಗಿ ಕಮಟಾಗಿತ್ತೆ? ಅಥವಾ ಅದು ಆ ದಿನದ 'ಒಂದು' ಆಗಿತ್ತೆ?

ಅಂಗಡಿಗೆ ಬರಬೇಡಿ. ಬರೆಯಿರಿ.

ಭಾಗ್ಯಶ್ರೀ


ತಾರ್ನಾಕ
6 ನವೆಂಬರ್ 2005

ಶ್ರೀಮತಿ ಗದಿಗೆಮ್ಮನವರಿಗೆ ಕಾಶಿನಾಥನ ನಮಸ್ಕಾರಗಳು.

ಇದನ್ನು ಭಾಗ್ಯಶ್ರೀ ನಿಮಗೆ ಓದಿ ಹೇಳಲಿ. ನಡುವೆ ಎಲ್ಲೂ ಬಿಡದೆ ಓದಲಿ. ಮೂರು ವಾರ ಬರೆದು ಬರೆದು ಹರಿದಿದ್ದೇನೆ. ದೀಪಾವಳಿಯೂ ಅದರಲ್ಲೇ ಕಳೆಯಿತು.

ನಿಮ್ಮ ಶೇಂಗಾ ಕಮಟಾಗಿರಲಿಲ್ಲ. ಹೋಳಿಗೆ ಚೆನ್ನಾಗಿತ್ತು. ಬಾಯಿಗಿಟ್ಟಾಗಲೇ ಚೆನ್ನಾಗಿದೆ ಎಂದು ತಿಳಿದಿತ್ತು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ಕ್ಯಾಂಟೀನಿಗೆ ಹೋಗಿದ್ದೆ. ಅಡುಗೆ ಶುದ್ಧವಾಗಿತ್ತು, ಎಲ್ಲ ಸರಿಯಿದೆ ಎಂದು ಬರೆದೆ. ಏನೋ ತಿಂದು ಬರೆದಿದ್ದಾನೆ ಎಂದು ನನ್ನ ಮೇಲೆ ವಿಚಾರಣೆ ಕೂತಿತು. ಎಂಟು ತಿಂಗಳು ಜನರ ಮುಖ ನೋಡಲಾಗಲಿಲ್ಲ. ಹಿರಿಯರೊಬ್ಬರು ಕರೆದು, "ಎಲ್ಲಾ ಪಾಸ್ ಮಾಡಬ್ಯಾಡಪಾ, ಒಂದರ ತಗದು ಹಾಕು" ಎಂದರು. ಅಂದಿನಿಂದ ಎಲ್ಲಿ ಹೋದರೂ ಒಂದನ್ನು ತೆಗೆದು ಹಾಕಿದೆ. ಮೊದಲು ಹುಡುಕಿ ತೆಗೆಯುತ್ತಿದ್ದೆ. ಆಮೇಲೆ ಹುಡುಕುವುದನ್ನೂ ಬಿಟ್ಟೆ, ಯಾವುದು ಕೈಗೆ ಸಿಕ್ಕಿತೋ ಅದು. ಇದನ್ನೇ ಪ್ರಾಮಾಣಿಕತೆ ಎಂದು ಎದೆ ಉಬ್ಬಿಸಿಕೊಂಡು ತಿರುಗಿದೆ. ಲಂಚ ತಿನ್ನಲಿಲ್ಲ, ಅದು ನಿಜ. ಆದರೆ ತಪ್ಪಿಲ್ಲದ ಎಷ್ಟು ಅಡುಗೆಯವರ ಹೆಸರಿಗೆ ಮಸಿ ಬಳಿದೆನೋ ಲೆಕ್ಕವಿಟ್ಟಿಲ್ಲ.

ಮನೆಯಲ್ಲೂ ಅದೇ ಚಾಳಿ. ಊಟಕ್ಕೆ ಕೂತರೆ ನನ್ನ ಹೆಂಡತಿ ಸುಭದ್ರಾ, "ಇವತ್ತ ಯಾವುದ್ರೀ?" ಎಂದು ಕೇಳುತ್ತಿದ್ದಳು. ತಮಾಷೆ ಮಾಡುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಎಲ್ಲ ಗೊತ್ತಿತ್ತು ಎಂದು ಮಗಳ ಕಾಗದ ಓದಿದ ಮೇಲೆ ತಿಳಿಯಿತು. ಒಂದು ದಿನವೂ ಚೆನ್ನಾಗಿದೆ ಎಂದು ಹೇಳಲಿಲ್ಲ. ಈಗ ಹೇಳೋಣವೆಂದರೆ ಅವಳಿಲ್ಲ.

ಇನ್ನೊಂದನ್ನೂ ಬರೆಯಬೇಕು, ಇದೇ ಹೊಲಸು. ಆ ದಿನ ಪಂಕ್ತಿಯಲ್ಲಿ ಹದಿನೆಂಟು ಪದಾರ್ಥಗಳಿದ್ದವು. ಉಳಿದದ್ದನ್ನೆಲ್ಲ ಮಾಡಿದವರು ಹೆಸರಾದ ಅಡುಗೆಯವರು. ಅವರದನ್ನು ಎತ್ತಿಸಿದ್ದರೆ ಸೌಟು ಹಿಡಿದು ಜಗಳಕ್ಕೆ ಬರುತ್ತಿದ್ದರು. ನೀವು ಕಟ್ಟಡದ ಕೆಲಸದಲ್ಲಿ ರೊಟ್ಟಿ ಬಡಿಯುವವರು, ತಿರುಗಿ ಮಾತಾಡಲಾರಿರಿ ಎಂದು ತಿಳಿದು ನಿಮ್ಮದನ್ನು ಆರಿಸಿದೆ. ಮಗಳನ್ನು ನಿಮ್ಮ ಮನೆಗೆ ಕೊಡಲು ನನಗೆ ಮನಸ್ಸಿರಲಿಲ್ಲ. ಅದನ್ನು ಹೇಳುವ ಧೈರ್ಯವಿಲ್ಲದೆ ಹೋಳಿಗೆಯ ಮೇಲೆ ಹೇಳಿದೆ.

ತಪ್ಪಾಯಿತು. ಮಗಳು ಹೇಳಿದಳೆಂದು ಬರೆಯುತ್ತಿಲ್ಲ. ಕುಬಸಕ್ಕೆ ಕರೆಯದಿದ್ದರೂ ಸರಿಯೇ. ಸೀರೆಯನ್ನು ಜನಾರ್ದನನ ಕೈಯಲ್ಲಿ ಕಳಿಸುತ್ತೇನೆ.

ಕಾಶಿನಾಥ


ಮಾದಾಪುರ
10 ನವೆಂಬರ್ 2005

(ಅತ್ತೆ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತಿದ್ದೇನೆ. ಒಂದಕ್ಷರ ತಿದ್ದಬಾರದೆಂದು ಅಪ್ಪಣೆಯಾಗಿದೆ. – ಭಾಗ್ಯಶ್ರೀ)

ಬೀಗರಿಗೆ ಗದಿಗೆಮ್ಮನ ಶರಣು.

ನಿಮ್ಮ ಕಾಗದ ಸೊಸಿ ಎರಡು ಸಲ ಓದಿದ್ಲು. ಮೊದಲ್ನೇ ಸಲ ಸಿಟ್ಟು ಬಂತು. ಎರಡ್ನೇ ಸಲ ಇನ್ನೂ ಜಾಸ್ತಿ ಬಂತು. ಶೇಂಗಾ ಚಲೋ ಇತ್ತು ಅಂತ ನೀವು ಹೇಳಬೇಕೇನ್ರಿ ನನಗ? ಹುರದಾಕಿ ನಾನು. ಆ ನಾನ್ನೂರೂ ಹೋಳಿಗಿ ಅವತ್ತ ಸೈಟಿನ್ಯಾಗ ಹಂಚೀನಿ. ಮಂದಿ ಬೆರಳ ಚೀಪಿದ್ರು.

ಮೂರು ವರ್ಷ ಆತು, ನನ್ನ ಸೊಸಿ ಅಪ್ಪನ ಸಂಗಾಟ ಮಾತಿಲ್ಲ. ನಾ ಹೇಳಿದ್ದಲ್ಲ ಅದು, ಆಕೀನ ಹಟ. ಹೋಗಬೇ ತಾರ್ನಾಕಕ್ಕ, ಮುದುಕ ಒಬ್ಬ ಅದಾನ ಅಂದ್ರ ಕೇಳಂಗಿಲ್ಲ. ಅಪ್ಪ ಹೆಂಗೋ ಮಗಳು ಹಂಗ. ನಡುವ ನನ್ನ ಹೆಸರು.

ಆ ಬರ್ಗರ್ ನಾನೂ ತಿಂದೀನಿ. ನಮ್ಮ ಸೊಸಿದೂ ತಿಂದೀನಿ, ಎದುರಿಗಿನ ರಾಕೇಟಿಂದೂ ತಿಂದೀನಿ. ಎರಡೂ ಅರಿವಿ ಉಂಡಿ. ಅಷ್ಟು ಹೇಳಾಕ ನೀವು ಐದು ಕಾಗದ ಬರದೀರಿ.

ಗದಿಗೆಮ್ಮ ತಿರುಗಿ ಮಾತಾಡಂಗಿಲ್ಲ ಅಂತ ಬರದೀರಲ್ಲ, ಅದೊಂದು ಖರೇ ಮಾತು. ಅವತ್ತ ಮಾತಾಡಲಿಲ್ಲ. ಇವತ್ತ ಮಾತಾಡ್ತೀನಿ, ಕೇಳ್ರಿ. ಸೀರಿ ಯಾರ ಕೈಯಾಗೂ ಕಳಸಬ್ಯಾಡ್ರಿ. ನೀವ ಬರ್ರಿ. ಕುಬಸಕ್ಕ ತವರ ಮನಿಯಿಂದ ಬುತ್ತಿ ಬರಬೇಕು. ಮೆಸ್ಸಿನಾಕಿ ಕಡಿಂದ ಮಾಡಿಸಬ್ಯಾಡ್ರಿ, ಅಂಗಡಿದು ತರಬ್ಯಾಡ್ರಿ. ನಿಮ್ಮ ಕೈಲೆ ಒಲಿ ಹಚ್ಚರಿ. ಮಂದಿ ಮಾಡಿದ್ದು ಮೂವತ್ತು ವರ್ಷ ಮೂಸಿ ನೋಡೀರಿ, ನಿಮ್ಮ ಕೈದು ಯಾರೂ ಉಂಡಿಲ್ಲ. ಹತ್ತು ರೊಟ್ಟಿ, ಒಂದು ಬದನಿಕಾಯಿ ಪಲ್ಯಾ. ಅಡಿಗಿ ಮಾಡಾಕ ಬರದಿದ್ರ ಹೆಂಗ ಮಾಡಬೇಕು ಅಂತ ಫೋನ್ ಮಾಡ್ರಿ, ಫೋನ್ ಎತ್ತಾಕಿ ನಾನ.

ಪಂಕ್ತಿಯೊಳಗ ಎಲ್ಲಾರ ಮುಂದ ಮೊದಲ ತುತ್ತು ನಾನ ತಿಂತೀನಿ. ಚಲೋ ಇದ್ರ ಚಲೋ ಅಂತೀನಿ, ಹೊತ್ತಿದ್ರ ಹೊತ್ತೇತಿ ಅಂತೀನಿ. ಆದ್ರ ಎಲಿ ಮ್ಯಾಲಿಂದ ಎತ್ತಸಂಗಿಲ್ಲ, ಬೀಗರ. ಹೆಂಗ ಇದ್ರೂ ಎಲ್ಲಾರೂ ಉಣ್ತೀವಿ.

ಗದಿಗೆಮ್ಮ
(ಹೆಬ್ಬೆಟ್ಟಿನ ಗುರುತು)